ಅಟ್ಟದ ಮೇಲೊಂದು ಬಾವಿ

ಫೋನು ಬಂದಾಗ ಬೆಳಿಗ್ಗೆ ಏಳೂಕಾಲು. ಯಸಳೂರಿನ ಆಚೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಮಾತಾಡುತ್ತಿದ್ದ. ಏದುಸಿರು ಬಿಡುತ್ತಿದ್ದ.

"ಸಾರ್, ಬೆಂಗಳೂರಿನ ಹುಡುಗಿ ಬಿದ್ಬುಟ್ಟಳು. ಆ ಬಾವಿಯಿಂದ."

"ಬಾವಿಗೆ ಬಿದ್ದಳೇನೋ?"

"ಅಲ್ಲ ಸಾರ್, ಬಾವಿಯಿಂದ. ಬಾವಿ ಮರದ ಮ್ಯಾಲೈತೆ."

ಬೆಳಗಾಗುತ್ತಲೇ ಏರಿಸಿದ್ದಾನೆ ಅಂದುಕೊಂಡು ಬೈಯುವುದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಅವನು ಅಳತೊಡಗಿದ.

ನಾನು ಶಾಂತಮಲ್ಲಪ್ಪ, ಹೆಡ್ ಕಾನ್ಸ್‌ಟೇಬಲ್. ಇದು ಎರಡು ಸಾವಿರದ ನಾಲ್ಕರ ಫೆಬ್ರವರಿಯ ಮಾತು. ಆಗ ನಮ್ಮ ಠಾಣೆಗೆ ಲಿಲಿಯನ್ ಮೇಡಂ ಸಬ್ ಇನ್‌ಸ್ಪೆಕ್ಟರ್ ಆಗಿ ಬಂದು ಆರು ತಿಂಗಳು. ಮಂಗಳೂರು ಕಡೆಯ ಮನೆತನ, ಮಾತು ಕಮ್ಮಿ. ನನಗೋ ಇಪ್ಪತ್ತೆಂಟು ವರ್ಷದ ಸರ್ವಿಸು. ಮುಖ ನೋಡಿ ಕಳ್ಳನನ್ನು ಹೇಳಬಲ್ಲೆ ಅಂತ ಜಂಭ ಪಡುತ್ತಿದ್ದ ಕಾಲ.

ನಾವು ಹೋದಾಗ ಎಂಟು ಗಂಟೆ. ಕಾಫಿ ಗಿಡಗಳ ನಡುವೆ ಮಂಜು ಇನ್ನೂ ಕೂತಿತ್ತು. ಹಕ್ಕಿಯ ದನಿಯೂ ಇಲ್ಲ. ಆ ಮಂಜಿನಲ್ಲಿ ಅಲ್ಲೊಂದು ಇಲ್ಲೊಂದು ವಿಚಿತ್ರ ಆಕಾರಗಳು. ಬಾಗಿಲೇ ಇಲ್ಲದ ಮನೆ. ಆಕಾಶಕ್ಕೆ ಹತ್ತಿ ಅಲ್ಲೇ ಮುಗಿಯುವ ಮೆಟ್ಟಿಲು. ತಲೆಕೆಳಗಾದ ಗುಡಿಸಲು. ಎಲ್ಲಾ ಬಿದಿರು, ಹಗ್ಗ, ಚಾಪೆ.

ಡಿಸೈನ್ ಕಾಲೇಜಿನ ಹನ್ನೊಂದು ಮಕ್ಕಳು ಮೂರು ವಾರದಿಂದ ಅಲ್ಲಿ ಬಿಡಾರ ಹೂಡಿದ್ದರು. ಒಬ್ಬೊಬ್ಬರಿಗೆ ಒಂದೊಂದು ಅರ್ಥವಿಲ್ಲದ ಪದ್ಯ. ಮೊದಲು ಪದ್ಯವನ್ನು ಚಿತ್ರ ಮಾಡಬೇಕು. ಆಮೇಲೆ ಚಿತ್ರವನ್ನು ಮನೆ ಮಾಡಬೇಕು. ಕಟ್ಟಿದ ಮನೆಯಲ್ಲಿ ಒಂದು ಹಗಲು ವಾಸ ಮಾಡಬೇಕು. ಇದು ಪಾಠವಂತೆ! ಲಕ್ಷಗಟ್ಟಲೆ ಫೀಸು ಕಟ್ಟಿ ಹುಚ್ಚು ಕಲಿಯುವುದು.

ಸತ್ತವಳು ರಶ್ಮಿತಾ. ಇಪ್ಪತ್ತೊಂದು ವರ್ಷ. ಅವಳ ಪದ್ಯ ಒಂದು ರಟ್ಟಿನ ಮೇಲೆ ಅಲ್ಲೇ ಇತ್ತು:

ಅಟ್ಟದ ಮೇಲೆ ಬಾವಿ ತೋಡಿ
ಬಾವಿಯ ತುಂಬ ಮೋಡ ತುಂಬಿ
ಮೋಡಕೆ ಮೂರು ಬೀಗ ಜಡಿದು
ಇಲಿರಾಯ ಮಲಗಿದ ಗೊರ್ರೋ ಗೊರ್ರೋ

ಮೂರು ಮರಗಳ ನಡುವೆ ಇಪ್ಪತ್ತಡಿ ಎತ್ತರಕ್ಕೆ ಬಿದಿರಿನ ಅಟ್ಟ ತೂಗುಬಿಟ್ಟಿದ್ದರು. ಅದರ ಮೇಲೆ ಬಾವಿಯ ಹಾಗೆ ದುಂಡಗೆ ಹೆಣೆದ ಗೋಡೆ. ಆರೂವರೆಗೆ ರಶ್ಮಿತಾ ತನ್ನ ಹಗಲು ಕಳೆಯಲು ಹತ್ತಿದಳು. ಮುಖ್ಯ ಹಗ್ಗ ಕೈಕೊಟ್ಟಿತು. ಕೆಳಗೆ ಬಂಡೆ.

ಮೊದಲು ಓಡಿಬಂದವನು ಮೆಣಸು ಕೊಯ್ಯುವ ಆಳು ಗಿಡ್ಡಯ್ಯ. ಬಿದಿರು ಕಡಿದು, ಹಗ್ಗ ಬಿಗಿದು ಮಕ್ಕಳಿಗೆ ಮೂರು ವಾರ ನೆರವಾದವನೂ ಅವನೇ. ಹುಡುಗಿಯನ್ನು ಹೆಗಲ ಮೇಲೆ ಹೊತ್ತು ಬಂಗಲೆಯವರೆಗೆ ಓಡಿದ್ದ. ಅಲ್ಲಿಂದ ಜೀಪಿನಲ್ಲಿ ಆಸ್ಪತ್ರೆಗೆ ಹೊರಟರು. ಜೀವ ದಾರಿಯಲ್ಲೇ ಹೋಯಿತು. ಆ ಸುದ್ದಿ ಆಗಲೇ ಫೋನಿನಲ್ಲಿ ಬಂದಿತ್ತು.

ಗಿಡ್ಡಯ್ಯ ಹಲಸಿನ ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಅಂಗಿಯೆಲ್ಲ ರಕ್ತ. ನನ್ನನ್ನು ನೋಡಿ ಒಂದೇ ಮಾತು ಹೇಳಿದ.

"ನಾನೇ ಕೊಂದ್ಬುಟ್ಟೆ ಸ್ವಾಮಿ."

ಇನ್ನೇನು ಬೇಕು? ಮೂರು ವಾರದ ಹಿಂದೆ ಇದೇ ಗಿಡ್ಡಯ್ಯ, "ಇಲ್ಲಿ ಕಟ್ಬ್ಯಾಡಿ, ಬೂತಮ್ಮನ ಕಲ್ಲು ಐತೆ, ಆಹುತಿ ತಗಂತಾಳೆ" ಅಂತ ಜಗಳ ಮಾಡಿದ್ದನಂತೆ. ರೈಟರ್ ಹೇಳಿದ. ನಾನು ಗಿಡ್ಡಯ್ಯನ ಕೆನ್ನೆಗೆ ಎರಡು ಬಿಟ್ಟೆ. ಅವನು ಕೈ ಕೂಡ ಅಡ್ಡ ಹಿಡಿಯಲಿಲ್ಲ. ಅವನ ಹೆಂಡತಿ ಮಾದಮ್ಮ ಓಡಿಬಂದು ನನ್ನ ಮುಂದೆ ನಿಂತಳು.

"ಹೊಡೀಬ್ಯಾಡಿ ಕಣ್ರೀ! ಆ ಮಗೀನ ಹೊತ್ಕಂಡು ಓಡಿದ್ದೇ ತಪ್ಪಾ?"

"ಅವನೇ ಒಪ್ಪಿಕೊಂಡಿದ್ದಾನಲ್ಲಮ್ಮ" ಅಂದೆ. ಗಿಡ್ಡಯ್ಯನನ್ನು ಠಾಣೆಯ ಜೀಪು ಹತ್ತಿಸಿ ಕಳಿಸಿದೆ.

ಲಿಲಿಯನ್ ಮೇಡಂ ಕತ್ತೆತ್ತಿ ಮರಗಳನ್ನು ನೋಡುತ್ತಿದ್ದರು.

*

ಹತ್ತು ಗಂಟೆಗೆ ಎಸ್ಟೇಟಿನ ಜೀಪು ಆಸ್ಪತ್ರೆಯಿಂದ ವಾಪಸು ಬಂತು. ನಾವು ಕಾಫಿ ಒಣಗಿಸುವ ಕಣದಲ್ಲಿದ್ದೆವು. ಡ್ರೈವರ್ ಗಣೇಶ, ಡೇನಿಯಲ್ ಎಂಬ ವಿದ್ಯಾರ್ಥಿ, ಮಕ್ಕಳ ಮೇಷ್ಟ್ರು ಸುರೇಂದ್ರ ಇಳಿದರು. ಮೇಷ್ಟ್ರು ನೇರ ಮೇಡಂ ಹತ್ತಿರ ಬಂದರು. ನಲವತ್ತರ ಆಸುಪಾಸು, ಖಾದಿ ಜುಬ್ಬ, ನೀಟಾದ ಗಡ್ಡ.

"ಆ ಜಾಗಕ್ಕೆ ನನ್ನನ್ನು ಕರೀಬೇಡಿ" ಎಂದರು. "ನೋಡೋ ಶಕ್ತಿ ಇಲ್ಲ. ನಿನ್ನೆ ಮಧ್ಯಾಹ್ನ ಸಕಲೇಶಪುರಕ್ಕೆ ಹೋದವನು ಬಂದಾಗ ರಾತ್ರಿ ಒಂಬತ್ತಾಗಿತ್ತು. ನೇರ ಮಲಗಿದೆ. ಬೆಳಿಗ್ಗೆ ಬಂಗಲೆಯ ಬಾಗಿಲಿಗೆ ಅವಳನ್ನು ಹೊತ್ತು ತಂದಾಗಲೇ ನನಗೆ ಗೊತ್ತಾಗಿದ್ದು."

"ಅಟ್ಟ ಹೇಗೆ ಬಿತ್ತು ಅಂತೀರಿ?"

"ಆ ಗಿಡ್ಡಯ್ಯ ನನ್ನ ನಕ್ಷೆ ಮೀರಿದ. ಮುಖ್ಯ ಹಗ್ಗ ಸಿಲ್ವರ್ ಓಕ್ ಮರಕ್ಕೆ ಇರಬೇಕಿತ್ತು. ಅವನು ಹಲಸಿನ ಮರಕ್ಕೆ ಕಟ್ಟಿದ. ಮರ ಬದಲಾದರೆ ಭಾರವೂ ಬದಲಾಗುತ್ತೆ, ಮೇಡಂ. ಓದಿಲ್ಲದವರ ಕೈಗೆ ಕೆಲಸ ಕೊಟ್ಟರೆ ಹೀಗೇ."

ನಾನು ತಲೆಯಾಡಿಸಿದೆ. ಸತ್ಯವಾದ ಮಾತು ಅನ್ನಿಸಿತು. ಗಿಡ್ಡಯ್ಯನೂ ತಾನೇ ಕೊಂದೆ ಅಂತ ಒಪ್ಪಿಕೊಂಡಿದ್ದ. ಅಷ್ಟರಲ್ಲಿ ಸರ್ಕಲ್ ಇನ್‌ಸ್ಪೆಕ್ಟರ್ ಸಾಹೇಬರ ಫೋನು ಬಂತು: ನಾಲ್ಕು ಗಂಟೆಯೊಳಗೆ ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿ.

"ಮೇಡಂ, ಕೇಸು ಮುಗೀತು" ಎಂದೆ.

"ಬನ್ನಿ ಶಾಂತಮಲ್ಲಪ್ಪನವರೇ, ಒಂದು ಸಲ ಏಣಿ ಹತ್ತಿ."

ಈ ವಯಸ್ಸಿಗೆ ಮರ!

*

ಮೆಣಸು ಕೊಯ್ಯುವ ಒಂಟಿ ಬಿದಿರಿನ ಏಣಿ ತಂದೆವು. ಮೊದಲು ಹಲಸಿನ ಮರ. ನೆಲದಿಂದ ಇಪ್ಪತ್ತೈದಡಿ ಮೇಲೆ ಗಿಡ್ಡಯ್ಯ ಹಾಕಿದ ಗಂಟು ಕಲ್ಲಿನ ಹಾಗೆ ಕೂತಿತ್ತು. ಜಾರಿರಲಿಲ್ಲ. ಗಂಟಿನಿಂದ ಒಂದು ಗೇಣು ಕೆಳಗೆ ಹಗ್ಗ ತುಂಡಾಗಿತ್ತು. ಮುಕ್ಕಾಲು ಭಾಗ ನುಣ್ಣಗೆ ಕೊಯ್ದಿದ್ದರು, ಉಳಿದ ಕಾಲು ಭಾಗದ ನಾರು ಭಾರಕ್ಕೆ ಹರಿದಿತ್ತು.

"ಕತ್ತಿಯೇಟಲ್ಲ" ಎಂದೆ. "ಬ್ಲೇಡಿನಂಥದ್ದು."

"ಕಾಗದ ಕತ್ತರಿಸೋ ಕಟರ್" ಅಂದರು ಮೇಡಂ. "ಈಗ ಸಿಲ್ವರ್ ಓಕ್ ಹತ್ತಿ."

ಅಲ್ಲೂ ಒಂದು ಹಗ್ಗ ಕಟ್ಟಿತ್ತು. ಅದನ್ನೂ ಅದೇ ಥರ ಅರ್ಧ ಕೊಯ್ದು ಬಿಟ್ಟಿದ್ದರು. ಆದರೆ ಅದು ತುಂಡಾಗಿರಲಿಲ್ಲ. ನಾನು ಕೆಳಗಿನ ತುದಿ ಎಳೆದು ನೋಡಿದೆ. ಅಟ್ಟಕ್ಕೆ ಬಿಗಿದ ಗುರುತೇ ಇಲ್ಲ. ಗಂಟೂ ಇಲ್ಲ, ಒತ್ತಿದ ಮಡಿಕೆಯೂ ಇಲ್ಲ.

"ಇದು ಭಾರವನ್ನೇ ಹೊತ್ತಿಲ್ಲ ಮೇಡಂ. ಸುಮ್ಮನೆ ನೇತಾಡ್ತಿತ್ತು."

"ಹಾಗಾದರೆ ಇದನ್ನು ಯಾಕೆ ಕೊಯ್ದರು? ಕೈಗೆಟುಕುವ ಹಗ್ಗ ಇನ್ನೂ ಮೂರಿವೆ, ಅವನ್ನು ಮುಟ್ಟಿಲ್ಲ. ಕಷ್ಟಪಟ್ಟು ಏಣಿ ಹತ್ತಿ, ಏನೂ ಹೊರದ ಹಗ್ಗ ಕೊಯ್ದಿದ್ದಾರೆ."

ಆಗಲೇ ನನಗೆ ಗಿಡ್ಡಯ್ಯನ ಕೆನ್ನೆ ನೆನಪಾಯಿತು. ಏಣಿ ಇಳಿದೆ.

*

ಮಕ್ಕಳೆಲ್ಲರ ಚೀಲದಲ್ಲೂ ಕಟರ್ ಇತ್ತು. ಡೇನಿಯಲ್ ಕೈಯಲ್ಲಿ ಹೊಸ ಗಾಯವೂ ಇತ್ತು. ಹಿಂದಿನ ಸಂಜೆ ಅವನು ರಶ್ಮಿತಾಳ ಮೇಲೆ ಕೂಗಾಡಿದ್ದನಂತೆ. ಸಿಕ್ಕಿಬಿದ್ದ ಅಂದುಕೊಂಡೆ. ನನ್ನ ಜಂಭ ಅಷ್ಟು ಬೇಗ ಸಾಯುವುದಿಲ್ಲ, ಏನು ಮಾಡೋಣ?

"ಗಾಯ ಹೇಗಾಯ್ತು?" ಮೇಡಂ ಕೇಳಿದರು.

"ಬಿದಿರಿನ ಸಿಬಿರು ಮೇಡಂ. ಅವಳನ್ನ ಎತ್ತುವಾಗ." ಹುಡುಗನ ಕಣ್ಣು ಊದಿತ್ತು. "ಜಗಳ ಆಡಿದ್ದು ನಿಜ. ಭಾನುವಾರ ದೆಹಲಿಯಿಂದ ತೀರ್ಪುಗಾರರು ಬರ್ತಾರೆ. ಅವರ ಮುಂದೆ ಎಲ್ಲಾ ಹೇಳ್ತೀನಿ ಅಂದಳು. ಸರ್‌ಗೂ ಹಾಗೇ ಹೇಳಿದೀನಿ ಅಂದಳು. ಬೇಡ ಕಣೇ, ನಿನ್ನ ಡಿಗ್ರಿ ಹಾಳಾಗುತ್ತೆ ಅಂತ ನಾನು ಕಿರುಚಿದೆ."

"ಏನನ್ನ ಹೇಳ್ತಿದ್ದಳು?"

"ಈ ಪದ್ಯಗಳೆಲ್ಲ ಅವಳವು ಮೇಡಂ. ಕಾಲೇಜಿಗೆ ಸೇರೋ ಮುಂಚೆ ಬರೆದಿದ್ದು. ಮೊದಲ ಚಿತ್ರಗಳೂ ಅವಳವೇ. ಆ ನೋಟ್‌ಬುಕ್ ಸರ್ ಓದೋಕೆ ಅಂತ ತಗೊಂಡರು. ತಿರುಗಿ ಕೊಡಲಿಲ್ಲ."

ಮೇಡಂ ಆಮೇಲೆ ಕೇಳಿದರು.

"ಹಗ್ಗವನ್ನ ಹಲಸಿನ ಮರಕ್ಕೆ ಯಾವಾಗ ಕಟ್ಟಿದ್ದು?"

"ನಿನ್ನೆ ಸಂಜೆ ಆರೂವರೆ ಹೊತ್ತಿಗೆ. ಗಿಡ್ಡಣ್ಣ ಸಿಲ್ವರ್ ಓಕ್ ಮರ ತಟ್ಟಿ ನೋಡಿ, ಇದು ಒಳಗೆ ಟೊಳ್ಳು, ಹುಡುಗಿ ಜೀವ ಹೋಗುತ್ತೆ ಅಂತ ಹಟ ಹಿಡಿದ. ನಾವೆಲ್ಲ ಇದ್ದೆವು."

"ಹಳೆ ಹಗ್ಗ ಯಾಕೆ ಉಳಿಸಿದಿರಿ?"

ಹುಡುಗ ತಲೆ ತಗ್ಗಿಸಿದ. "ಸರ್‌ಗೆ ಕಾಣಲಿ ಅಂತ. ನಕ್ಷೆಯಲ್ಲಿ ಒಂದು ಗೆರೆ ಬದಲಾದರೂ ಅವರು ಇಡೀ ಕಟ್ಟಡ ಬಿಚ್ಚಿಸ್ತಾರೆ. ಹೋದ ವಾರ ಒಬ್ಬನ ಮೆಟ್ಟಿಲು ಬಿಚ್ಚಿಸಿದರು. ಅದಕ್ಕೇ ಹಳೆ ಹಗ್ಗವನ್ನ ಅಟ್ಟಕ್ಕೆ ಸುಮ್ಮನೆ ಸಿಕ್ಕಿಸಿ ಬಿಟ್ಟೆವು. ಹೊಸದನ್ನ ಎಲೆಯಲ್ಲಿ ಮುಚ್ಚಿದೆವು. ಅವಳ ಹಗಲು ಮುಗಿಯೋವರೆಗೆ ಸರ್‌ಗೆ ಯಾರೂ ಬಾಯಿಬಿಡಬಾರದು ಅಂತ ಆಣೆ ಹಾಕಿಕೊಂಡಿದ್ದೆವು."

"ನೀನು ಜೀಪಿನಲ್ಲಿ ಹೇಳಿದೆಯಾ?"

"ಇಲ್ಲ ಮೇಡಂ. ಅವಳ ತಲೆ ನನ್ನ ತೊಡೆ ಮೇಲಿತ್ತು." ಅಷ್ಟೇ ಹೇಳಿ ಅವನು ಗೋಡೆಗೆ ಮುಖ ತಿರುಗಿಸಿದ.

ಉಳಿದ ಒಂಬತ್ತು ಮಕ್ಕಳನ್ನೂ ಒಬ್ಬೊಬ್ಬರಾಗಿ ಕೇಳಿದರು. ಯಾರೂ ಹೇಳಿರಲಿಲ್ಲ. ಠಾಣೆಗೆ ಫೋನು ಮಾಡಿ ಕೇಳಿಸಿದರೆ ಗಿಡ್ಡಯ್ಯನೂ ಮೇಷ್ಟ್ರಿಗೆ ಹೇಳಿರಲಿಲ್ಲ. ಡ್ರೈವರ್ ಗಣೇಶನನ್ನೂ ಕೇಳಿದರು.

"ಯಾರೂ ತುಟಿ ಬಿಚ್ಚಲಿಲ್ಲ ಮೇಡಂ, ಹೋಗ್ವಾಗ್ಲೂ ಅಷ್ಟೇ, ಬರ್ವಾಗ್ಲೂ ಅಷ್ಟೇ. ಆ ಹುಡ್ಗ ಒಂದೇ ಸಮ ಅಳ್ತಿದ್ದ. ಹಗ್ಗದ ಇಚಾರ ನನಗೇ ಗೊತ್ತಿರ್ಲಿಲ್ಲ."

ಗಂಟೆ ಎರಡಾಗಿತ್ತು.

*

ಕಣದಲ್ಲಿ ಮಕ್ಕಳು, ರೈಟರ್, ಕೂಲಿ ಲೈನಿನ ಆಳುಗಳು ಎಲ್ಲರೂ ಸೇರಿದ್ದರು. ಮಾದಮ್ಮ ಸ್ಟೋರಿನ ಗೋಡೆಗೆ ಒರಗಿ ನಿಂತಿದ್ದಳು. ಮೇಷ್ಟ್ರು ಕುರ್ಚಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದರು.

"ಸುರೇಂದ್ರ ಅವರೇ, ನಿನ್ನೆ ಸಕಲೇಶಪುರದಲ್ಲಿ ಏನು ಕೆಲಸ?"

"ಅತಿಥಿಗಳಿಗೆ ಕೈಪಿಡಿ ಅಚ್ಚು ಹಾಕಿಸೋದಿತ್ತು."

ಮೇಡಂ ಕೈಯಲ್ಲಿ ಆ ಕೈಪಿಡಿ ಇತ್ತು. ಮೇಲ್ಗಡೆ ದಪ್ಪ ಅಕ್ಷರದಲ್ಲಿ: ಪದ್ಯ, ಚಿತ್ರ, ವಿನ್ಯಾಸ — ಸುರೇಂದ್ರ. ರಶ್ಮಿತಾಳ ಹೆಸರು ಎಲ್ಲೂ ಇಲ್ಲ. ಒಳಪುಟದಲ್ಲಿ ಅಟ್ಟದ ಬಾವಿಯ ನಕ್ಷೆ. ಮುಖ್ಯ ಹಗ್ಗ ಸಿಲ್ವರ್ ಓಕ್ ಮರಕ್ಕಿತ್ತು.

"ಹಗ್ಗ ಹಲಸಿನ ಮರಕ್ಕೆ ಹೋದದ್ದು ನಿಮಗೆ ಹೇಗೆ ಗೊತ್ತಾಯಿತು?"

"ಹುಡುಗರು ಹೇಳಿದರು."

"ಯಾರು? ಹೆಸರು ಹೇಳಿ."

"ಡೇನಿಯಲ್. ಜೀಪಿನಲ್ಲಿ."

"ಸುಳ್ಳು!" ಡೇನಿಯಲ್ ಕಿರುಚಿದ. ಗಣೇಶ ಅಡ್ಡಡ್ಡ ತಲೆಯಾಡಿಸಿದ. ಮಕ್ಕಳೆಲ್ಲ ಮೇಷ್ಟ್ರ ಮುಖವನ್ನೇ ನೋಡತೊಡಗಿದರು. ಅಂಥ ನೋಟವನ್ನು ನಾನು ನನ್ನ ಸರ್ವಿಸಿನಲ್ಲಿ ಕಂಡಿರಲಿಲ್ಲ.

ಮೇಡಂ ದನಿ ಏರಿಸಲಿಲ್ಲ.

"ಎರಡು ಹಗ್ಗ ಕೊಯ್ದಿದ್ದಾರೆ. ಒಂದು ಬರೀ ತೋರಿಕೆಯದು. ಅದು ತೋರಿಕೆ ಅಂತ ಗಿಡ್ಡಯ್ಯನಿಗೂ ಗೊತ್ತು, ಮಕ್ಕಳಿಗೂ ಗೊತ್ತು. ಅವರಲ್ಲಿ ಯಾರೇ ಆಗಿದ್ದರೂ ಅದನ್ನು ಕೊಯ್ಯುತ್ತಿರಲಿಲ್ಲ. ನಕ್ಷೆ ಗೊತ್ತಿಲ್ಲದ ಹೊರಗಿನವರು ಅಷ್ಟು ಮೇಲೆ ಹತ್ತುತ್ತಿರಲಿಲ್ಲ. ಹಾಗಾದರೆ ಕೊಯ್ದವನಿಗೆ ನಕ್ಷೆ ಬಾಯಿಪಾಠ, ಆದರೆ ನಿನ್ನೆ ಸಂಜೆಯ ಬದಲಾವಣೆ ಗೊತ್ತಿಲ್ಲ. ಅಂಥವರು ಇಲ್ಲಿ ಒಬ್ಬರೇ. ಬೆಳಗಿನ ಜಾವ ನೀವು ಏಣಿ ಹತ್ತಿದಿರಿ. ಅರ್ಧ ಕೊಯ್ದಾಗ ಹಗ್ಗದಲ್ಲಿ ಬಿಗಿಯೇ ಇಲ್ಲ ಅಂತ ತಿಳಿಯಿತು. ಟಾರ್ಚ್ ಬಿಟ್ಟು ಹುಡುಕಿದಿರಿ. ಎಲೆ ಸರಿಸಿ ಹಲಸಿನ ಹಗ್ಗ ಕಂಡಿರಿ. ಅದನ್ನು ಮುಕ್ಕಾಲು ಕೊಯ್ದು ಹೋಗಿ ಮಲಗಿದಿರಿ. ಆ ಬದಲಾವಣೆ ನಿಮಗೆ ಗೊತ್ತಾಗೋಕೆ ಬೇರೆ ದಾರಿಯೇ ಇಲ್ಲ. ಹತ್ತು ಗಂಟೆಗೆ ಜೀಪು ಇಳಿದವರೇ ಅದನ್ನ ನನಗೆ ಹೇಳಿಬಿಟ್ಟಿರಿ. ಗಿಡ್ಡಯ್ಯನ ತಲೆಗೆ ಕಟ್ಟೋ ಆತುರ."

"ಇದು ಹುಚ್ಚುತನ" ಎಂದರು ಮೇಷ್ಟ್ರು.

ನಾನು ಅವರ ಕೋಣೆಯಿಂದ ತಂದ ಚೀಲವನ್ನು ಕಣದ ಮೇಲೆ ಬಿಚ್ಚಿದೆ. ಶೇವಿಂಗ್ ಸೆಟ್ಟಿನೊಳಗೆ ಕಟರ್. ಬ್ಲೇಡಿನ ಸಂದಿಯಲ್ಲಿ ಹಗ್ಗದ ತೆಂಗಿನ ನಾರು. ಅದರ ಕೆಳಗೆ ನೀಲಿ ರಟ್ಟಿನ ನೋಟ್‌ಬುಕ್. ಮೊದಲ ಪುಟದಲ್ಲಿ ರಶ್ಮಿತಾ, ದ್ವಿತೀಯ ಪಿಯುಸಿ.

ಮೇಷ್ಟ್ರು ಲೋಟ ಕೆಳಗಿಟ್ಟರು. "ಹದಿನೈದು ವರ್ಷ ಪಾಠ ಮಾಡಿದೀನಿ" ಎಂದರು ಸಣ್ಣ ದನಿಯಲ್ಲಿ. "ನನ್ನದು ಅಂತ ಒಂದೂ ಹೊಳೀಲಿಲ್ಲ. ಅವಳಿಗೆ ಆಟದ ಹಾಗೆ ಹೊಳೀತಿತ್ತು."

ಮಾದಮ್ಮ ಮುಂದೆ ಬಂದು ಅವರ ಮುಖದ ಮುಂದೆ ನಿಂತಳು. "ಅದಕ್ಕೆ ಸಾಯಿಸ್ಬುಟ್ಯಾ? ನಿನ್ನ ಮನೆ ಹಾಳಾಗ!" ಎಂದಳು. ಯಾರೂ ಅವಳನ್ನು ತಡೆಯಲಿಲ್ಲ.

*

ಠಾಣೆಗೆ ಬಂದು ನಾನೇ ಲಾಕಪ್ಪಿನ ಬೀಗ ತೆಗೆದೆ. ಗಿಡ್ಡಯ್ಯ ಮೂಲೆಯಲ್ಲಿ ಕೂತಿದ್ದ. ಕೊಟ್ಟ ಊಟ ಹಾಗೇ ಇತ್ತು.

"ಎದ್ದೇಳೋ. ನೀನಲ್ಲ ಅಂತ ಗೊತ್ತಾಯ್ತು."

ಅವನು ಏಳಲಿಲ್ಲ. "ನಾನೇ ಸ್ವಾಮಿ. ನನ್ನ ಗಂಟು ಜಾರ್ಬುಡ್ತು. ಸಂಜೆ ಮಬ್ಬಲ್ಲಿ ಸರ್ಯಾಗಿ ಬಿಗೀಲಿಲ್ಲ ಅನ್ಸುತ್ತೆ. ಹತ್ತಮ್ಮ, ಏನೂ ಆಗಲ್ಲ ಅಂತ ಆ ಮಗೀಗೆ ನಾನೇ ಹೇಳಿದ್ದೆ."

ಆಗ ನನಗೆ ತಿಳಿಯಿತು. ಬೆಳಗಿನಿಂದ ಇವನು ಒಪ್ಪಿಕೊಳ್ಳುತ್ತಿದ್ದದ್ದು ಇದನ್ನು. ನಾನು ಒಂದು ಮಾತು ಬಿಡಿಸಿ ಕೇಳದೆ ಕೈ ಎತ್ತಿದ್ದೆ. ನಾಚಿಕೆಯಿಂದ ಸತ್ತುಹೋದೆ. ಯೂನಿಫಾರ್ಮ್ ಮರೆತು ಅವನ ಪಕ್ಕದಲ್ಲಿ ನೆಲದ ಮೇಲೆ ಕೂತೆ.

"ಕೇಳೋ ಮಾರಾಯ. ಆ ಮರ ನಾನೇ ಹತ್ತಿ ನೋಡ್ದೆ. ನಿನ್ನ ಗಂಟು ಒಂದು ಕೂದಲೆಳೆಯಷ್ಟೂ ಜಾರಿಲ್ಲ. ಈಗಲೂ ಹಂಗೇ ಐತೆ. ಹಗ್ಗಾನ ಆ ಮೇಷ್ಟ್ರು ಕೊಯ್ದಿದ್ದು."

"ಜಾರಿಲ್ವಾ?"

"ಇಲ್ಲ ಕಣೋ."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಎರಡೂ ಅಂಗೈ ಮುಖಕ್ಕೆ ಒತ್ತಿಕೊಂಡು, ಬೆಳಗಿನಿಂದ ಒಂದು ಹನಿಯನ್ನೂ ಹಾಕದವನು, ಹೋ ಎಂದು ಅಳತೊಡಗಿದ. ಮಾದಮ್ಮ ಬಾಗಿಲಲ್ಲಿ ಬಂದು ನಿಂತಿದ್ದಳು. ನಾನು ಎದ್ದು ಅವಳಿಗೆ ದಾರಿ ಬಿಟ್ಟೆ.