ಬಿರುಕಿಗೆ ಅಂಟಿಸಿದ ಗಾಜು

ಯಾರ್ಕ್‌ಷೈರ್‌ನ ಹಾರ್ಕ್ಸ್‌ವರ್ತ್ ಮನೆ ಎಷ್ಟು ದೊಡ್ಡದೆಂದರೆ, ಮೊದಲ ಕಿಟಕಿ ಒರೆಸಿದ ಕೆಲಸದ ಹುಡುಗಿ ಕೊನೆಯದನ್ನು ಮುಟ್ಟುವಷ್ಟರಲ್ಲಿ ಅಜ್ಜಿಯಾಗಿರುತ್ತಿದ್ದಳು. ಅಡುಗೆಮನೆಯಿಂದ ಬೇಸಿಗೆಯಲ್ಲಿ ಹೊರಟ ಸೂಪು ಊಟದ ಮೇಜಿಗೆ ಬರುವ ಹೊತ್ತಿಗೆ ಹಿಮ ಬೀಳುತ್ತಿತ್ತು. ಎಲ್ಲವೂ ಕಲ್ಲಿದ್ದಲಿನ ಮಹಿಮೆ. ಊರೆಲ್ಲ ಅಗೆಸಿ ಮುಗಿಸಿದ, ಮನೆಯೊಡೆಯ ಲಾರ್ಡ್ ಸಾಹೇಬರ ತಾತ, ಕೊನೆಗೆ ತನ್ನ ಮಂಚದ ಕೆಳಗಿನ ಕಲ್ಲಿದ್ದಲನ್ನೂ ಬಿಟ್ಟಿರಲಿಲ್ಲ. ಮನೆ ಬಿರುಕು ಬಿಟ್ಟಿತು.

ಬಿರುಕು ನೋಡಲು ಬಂದವನು ಗಣಿಯ ಸರ್ವೇಯರ್ ಸೆತ್ ಆಂಬ್ಲರ್. ಅವನಪ್ಪ ಅದೇ ಗಣಿಯಲ್ಲಿ ಕೂಲಿ. ಏಣಿ ಹತ್ತಿ ನಿಂತಿದ್ದವನನ್ನು ಲಾರ್ಡ್ ಸಾಹೇಬರ ಒಬ್ಬಳೇ ಮಗಳು ರೋವೆನಾ ಗಡಿಯಾರ ರಿಪೇರಿಯವನೆಂದುಕೊಂಡು, ಮೂರು ತಿಂಗಳಿಂದ ಎಲ್ಲಿ ಹೋಗಿದ್ದಿರಿ ಎಂದು ದಬಾಯಿಸಿದಳು.

"ಗಡಿಯಾರ ನಿಂತ್ರೆ ನಾನೇನ್ಮಾಡ್ಲಿ ಅಮ್ಮಾವ್ರೇ? ಮನೆ ನಿಂತಿದೆಯಾ ಅಂತ ನೋಡೋದು ನನ್ ಕೆಲಸ."

ಹೀಗೆಂದು ಅವನು ನಕ್ಕ ನಗುವಿಗೆ ಮೂರು ಜಿಲ್ಲೆಗಳ ಬೆಣ್ಣೆ ಕರಗಿರಬೇಕು. ರೋವೆನಾ ಕೋಪ ಮಾಡಿಕೊಳ್ಳಲು ನೋಡಿದಳು, ಆಗಲಿಲ್ಲ.

ಅವನು ಪ್ರತಿ ಬಿರುಕಿಗೂ ಅಡ್ಡಲಾಗಿ ಒಂದೊಂದು ತೆಳು ಗಾಜಿನ ಪಟ್ಟಿ ಅಂಟಿಸಿದ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದಂತೆ. ಮಂಗಳವಾರಕ್ಕೊಮ್ಮೆ ಬಂದು ನೋಡಿದ. ಇವಳು ಚಹಾ ತರಿಸಿದಳು. ಕಪ್ಪಿನ ಅಂಚಿನ ಮೇಲಿಂದ ಇಬ್ಬರೂ ನೋಡಿಕೊಂಡರು, ನೋಡಲಿಲ್ಲವೆಂಬಂತೆ ಸಕ್ಕರೆ ಕಲಕಿದರು. ಸಕ್ಕರೆ ಹಾಕಿರಲೇ ಇಲ್ಲ.

ತಿಂಗಳಾದರೂ ಒಂದು ಗಾಜೂ ಒಡೆಯಲಿಲ್ಲ. ಇನ್ನು ವರ್ಷಕ್ಕೊಮ್ಮೆ ಬಂದರೆ ಸಾಕು ಎಂದ ಸೆತ್.

ಅವನು ಗೇಟು ದಾಟಿದ್ದೇ ತಡ, ರೋವೆನಾ ತಲೆಪಿನ್ನಿನಿಂದ ಒಂದು ಗಾಜನ್ನು ಟಕ್ಕೆಂದು ಒಡೆದು, ಗಾಜು ಒಡೆದಿದೆ ಎಂದು ಗಣಿಗೆ ಹೇಳಿಕಳಿಸಿದಳು. ಮುಂದಿನ ಮಂಗಳವಾರ ಅವನು ಹಾಜರ್. ಆ ವಸಂತದಲ್ಲಿ ಹನ್ನೊಂದು ಗಾಜು ಒಡೆದವು. ಹನ್ನೊಂದು ಮಂಗಳವಾರಗಳ ಆಯಸ್ಸು ಒಂದು ಜನ್ಮದ್ದು ಎಂದರೆ ಅದೊಂದು ಮಾತ್ರ ಉತ್ಪ್ರೇಕ್ಷೆಯಲ್ಲ.

ಹನ್ನೆರಡನೆಯ ವಾರ, ಸೆತ್‌ನ ವರದಿಗಳನ್ನು ಓದಿದ ಲಂಡನ್ನಿನ ಎಂಜಿನಿಯರುಗಳ ಕಾಗದ ಬಂತು: ಮನೆ ಕುಸಿಯುತ್ತಿದೆ, ಕೆಡವಬೇಕು. ಮುದಿ ಲಾರ್ಡ್ ಸಾಹೇಬರು ಅದನ್ನು ತಿಂಡಿಯ ಮೇಜಿನಲ್ಲಿ ಎರಡು ಸಲ ಓದಿ, ಕನ್ನಡಕ ತೆಗೆದಿಟ್ಟು, ತಟ್ಟೆ ಮುಟ್ಟದೆ ಎದ್ದುಹೋದರು.

ರೋವೆನಾ ಗಣಿಯ ಆಫೀಸಿಗೆ ಓಡಿದಳು. "ಗಾಜು ಒಡೆದಿದ್ದು ನಾನು."

"ಗೊತ್ತು," ಎಂದ ಸೆತ್. ಗೋಡೆ ಸರಿದು ಒಡೆದ ಗಾಜು ಬಿರುಕಿನುದ್ದಕ್ಕೂ ಸೀಳುತ್ತದೆ. ಅವಳದು ಚಮಚದಿಂದ ಕುಟ್ಟಿದ ಮೊಟ್ಟೆಯ ಹಾಗಿತ್ತು.

"ಗೊತ್ತಿದ್ದೂ ಗೋಡೆ ಸರಿದಿದೆ ಅಂತ ಯಾಕೆ ಬರೆದ್ರಿ?"

"ಸರಿದಿಲ್ಲ ಅಂತ ಬರೆದಿದ್ರೆ ನನ್ನನ್ನ ಕಳಿಸ್ತಿರಲಿಲ್ಲವಲ್ಲ."

ಈಗಲೇ ಹೋಗಿ ಸಾಹೇಬರಿಗೆ ಹೇಳಿಬಿಡುತ್ತೇನೆಂದು ಅವನು ಕೋಟು ಹಾಕಿಕೊಂಡ. ಅವಳು ಬಾಗಿಲಿಗೆ ಅಡ್ಡ ನಿಂತಳು. ಸುಳ್ಳು ವರದಿ ಬರೆದ ಸರ್ವೇಯರ್‌ಗೆ ಇಂಗ್ಲೆಂಡಿನ ಯಾವ ಗಣಿಯೂ ಕೆಲಸ ಕೊಡುವುದಿಲ್ಲ, ಜೈಲೂ ಆದೀತು.

"ಹೇಳಬೇಡ ಸೆತ್." ಮೊದಲ ಸಲ ಅವನನ್ನು ನೀನು ಎಂದಿದ್ದಳು. "ಮನೆ ಹೋದ್ರೆ ಹೋಗ್ಲಿ."

"ಹಾಗಾದ್ರೆ ನನ್ ಜೊತೆ ಬಾ. ಎರಡು ರೂಮಿನ ಮನೆ ನನ್ದು. ಅದ್ರಲ್ಲಿ ಬಿರುಕಿಲ್ಲ."

ಅವಳು ನಕ್ಕಳು, ನಗುನಗುತ್ತಲೇ ಅತ್ತಳು. "ಅಪ್ಪನಿಂದ ಮನೆ ನಾನೇ ಕಿತ್ಕೊಂಡೆ. ಮಗಳನ್ನೂ ಕಿತ್ಕೊಳ್ಲಾ?"

ಅವನು ಅವಳ ಕೈ ಹಿಡಿದ. ತುಂಬ ಹೊತ್ತು ಬಿಡಲಿಲ್ಲ.

ಸೆಪ್ಟೆಂಬರಿನಲ್ಲಿ ಚಾವಣಿ ಇಳಿಸತೊಡಗಿದರು. ಮಗಳೊಂದಿಗೆ ದಕ್ಷಿಣದ ತಂಗಿಯ ಮನೆಗೆ ಹೊರಟ ಲಾರ್ಡ್ ಸಾಹೇಬರು ಕಾರು ಹತ್ತುವ ಮುಂಚೆ ಎಲ್ಲರೆದುರು ಸೆತ್‌ನ ಕೈ ಕುಲುಕಿದರು. "ನೀನಿಲ್ದಿದ್ರೆ ನಾನೂ ನನ್ ಮಗಳೂ ಮಲಗಿದಲ್ಲೇ ಸಮಾಧಿ ಆಗ್ತಿದ್ವಿ ಕಣಪ್ಪ. ದೇವರು ನಿನ್ನ ಚೆನ್ನಾಗಿಟ್ಟಿರ್ಲಿ."

ಸೆತ್ ತಲೆ ಎತ್ತಲಿಲ್ಲ.

ಕಾರು ಹೊರಟಿತು. ಗೇಟು ದಾಟಿದ ಮೇಲೆ ಸಾಹೇಬರು ಮಗಳ ಭುಜ ತಟ್ಟಿದರು. "ಕಲ್ಲು ಮಣ್ಣಿನ ಮನೆಗೆ ಯಾರಾದ್ರೂ ಇಷ್ಟು ಅಳ್ತಾರಾ ಮಗೂ?"

"ಮನೆಗೇ ಅಪ್ಪ," ಎಂದಳು ರೋವೆನಾ.