ಬಸವಣ್ಯಪ್ಪನವರ ಹಾರ್ನ್

ತೊಂಬತ್ತೈದರಲ್ಲಿ ಶಿಕಾರಿಪುರದಲ್ಲಿ ನಮ್ಮದೊಂದು ಕಾರಿನ ಹುಚ್ಚರ ಕೂಟವಿತ್ತು. ಭಾನುವಾರ ಹಳೇ ಕಾರುಗಳಲ್ಲಿ ಸಾಲಾಗಿ ಹೊರಡುತ್ತಿದ್ದೆವು. ದಾರಿಯಲ್ಲಿ ಮುಂದಿನವನು ಹಾರ್ನ್ ಹೊಡೆದರೆ ಹಿಂದಿನವರು ಒಬ್ಬೊಬ್ಬರಾಗಿ ಹೊಡೆಯಬೇಕು. ಕೊನೆಯದು ಕೇಳಿಸಿದರೆ ಯಾರೂ ಹಿಂದೆ ಉಳಿದಿಲ್ಲ ಎಂದರ್ಥ. ಆ ಕೊನೆಯ ಜಾಗ ಯಾವಾಗಲೂ ಬಸವಣ್ಯಪ್ಪನವರದು. ಅವರ ಹಾರ್ನಿಗೆ ಕೆಮ್ಮಿದಂಥ ಒಡಕು ದನಿ.

ಅವರು ತೀರಿಕೊಂಡ ಮೇಲೆ ಕಾರು ಗುಜರಿಗೆ ಹೋಯಿತು. ಹಾರ್ನನ್ನು ಮಾತ್ರ ಅವರ ಹೆಂಡತಿ ನೆನಪಿಗೆಂದು ನನಗೆ ಕೊಟ್ಟರು. ಅದನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಫಿಯಟ್ಟಿನ ಡಿಕ್ಕಿಯಲ್ಲಿಟ್ಟು, ಆ ಭಾನುವಾರ ಕೊನೆಯ ಜಾಗಕ್ಕೆ ನಾನೇ ನಿಂತೆ.

ಗುಡವಿಯಿಂದ ವಾಪಸು ಬರುವಾಗ, ಸೊರಬ ದಾಟಿದ ಮೇಲೆ, ಎಲ್ಲರಿಗಿಂತ ಮುಂದಿದ್ದ ನಯೀಮ್ ಹಾರ್ನ್ ಹೊಡೆದ. ಸರದಿ ನನ್ನವರೆಗೆ ಬಂತು, ನಾನೂ ಹೊಡೆದೆ. ಆಮೇಲೆ ನನ್ನ ಹಿಂದೆ, ತಿರುವಿನ ಆಚೆ, ಅದೇ ಕೆಮ್ಮು ಕೇಳಿಸಿತು. ಕನ್ನಡಿಯಲ್ಲಿ ನನ್ನದೇ ಧೂಳು ಬಿಟ್ಟರೆ ಏನೂ ಇರಲಿಲ್ಲ. ಮುಂದಿನ ಸಲ ನಾನು ಬೇಕೆಂದೇ ಹೊಡೆಯದೆ ಸುಮ್ಮನಿದ್ದೆ. ಅದೂ ಸುಮ್ಮನಿತ್ತು. ತಡೆಯಲಾಗದೆ ಹೊಡೆದೆ. ತಕ್ಷಣ ಅದೂ ಹೊಡೆಯಿತು, ಈ ಸಲ ಇನ್ನೂ ಹತ್ತಿರದಿಂದ.

ಬಳ್ಳಿಗಾವಿ ಕ್ರಾಸಿನಲ್ಲಿ ಚಹಾಕ್ಕೆ ನಿಂತಾಗ ನಯೀಮ್ ಇಳಿದು ಬಂದ.

"ನಿಮ್ ಹಿಂದೆ ಇನ್ನೊಂದು ಗಾಡಿ ಸೇರ್ಕಂಡೈತಲ್ರೀ, ಯಾರ್ದದು?"

ನಾನು ಡಿಕ್ಕಿ ತೆಗೆದೆ. ಅವನು ಬಟ್ಟೆ ಬಿಚ್ಚಿ ಹಾರ್ನ್ ಎತ್ತಿಕೊಂಡವನು ತಟ್ಟನೆ ಕೈಬಿಟ್ಟ. "ಸುಡ್ತೈತ್ರೀ!" ಪಕ್ಕದಲ್ಲಿದ್ದ ಸ್ಟೆಪ್ನಿ ತಣ್ಣಗೇ ಇತ್ತು.

ಹೊರಡುವಾಗ ನಯೀಮ್ ಮತ್ತೆ ಹಾರ್ನ್ ಹೊಡೆದ. ಒಬ್ಬೊಬ್ಬರಾಗಿ ಎಲ್ಲರೂ ಹೊಡೆದರು. ನನ್ನ ಸರದಿ ಬಂತು.

ನಾನು ಹೊಡೆಯಲಿಲ್ಲ. ಇವತ್ತಿಗೂ ಹೊಡೆದಿಲ್ಲ.