ಬಿಳಿ ಕಾಲುಚೀಲ

“ಅದು ಬೇಡ ಕಣಪ್ಪ. ಮುದುಕರು ಹಾಕ್ಕೊಳ್ಳೋ ಥರ ಐತೆ.”

ಗಿರಿಜಾಂಬಿಕಾ ಮುಖ ತಿರುಗಿಸಿದಳು. ಅಪ್ಪ ಮರುಳಸಿದ್ದಯ್ಯನ ಕೈಯಲ್ಲಿ ಕಂದು ಬಣ್ಣದ ಉಣ್ಣೆಯ ಕಾಲುಚೀಲ ನೇತಾಡುತ್ತಿತ್ತು. ಮೊಣಕಾಲು ಮುಟ್ಟುವಷ್ಟು ಉದ್ದ, ಕಂಬಳಿಯಷ್ಟು ದಪ್ಪ.

ತಿಪಟೂರಿನ ಬಸ್ ಸ್ಟ್ಯಾಂಡ್ ಹತ್ತಿರ ಚಳಿಗಾಲ ಬಂತೆಂದರೆ ಟಿಬೆಟ್ಟಿನವರು ಸ್ವೆಟರ್ ಅಂಗಡಿ ಹಾಕುತ್ತಿದ್ದರು. ಅಪ್ಪ ಮಾರಲು ತಂದ ಕೊಬ್ಬರಿಯನ್ನು ಮಂಡಿಗೆ ಹಾಕಿ, ಮಗಳನ್ನು ಅಲ್ಲಿಗೆ ಕರೆತಂದಿದ್ದ.

“ಇದು ಉಣ್ಣೆ,” ಅಂದಳು ಅಂಗಡಿಯ ಹೆಂಗಸು, ತನಗೆ ಬಂದಷ್ಟು ಕನ್ನಡದಲ್ಲಿ. “ಮಳೆ ಬಂದ್ರೂ ಬೆಚ್ಚಗೆ.”

ಗಿರಿಜಾಳ ಕಣ್ಣು ಪಕ್ಕದ ಹಗ್ಗದ ಮೇಲಿತ್ತು. ಅಲ್ಲಿ ಬಿಳಿ ನೈಲಾನಿನ ಕಾಲುಚೀಲಗಳು ತೂಗುತ್ತಿದ್ದವು. ಶಾಲೆಯಲ್ಲಿ ಡಾಕ್ಟರ ಮಗಳು ಅಂಥದ್ದೇ ಹಾಕಿಕೊಂಡು ಬರುತ್ತಿದ್ದಳು.

“ಅದು ತೆಳ್ಳಗೈತೆ ಕಣವ್ವ. ಚಳಿ ತಡೆಯಾಕಿಲ್ಲ.”

“ಉದ್ದ ಐತಲ್ಲ. ಅಷ್ಟು ಸಾಕು.”

ಉದ್ದ ಯಾಕೆ ಬೇಕು ಅನ್ನುವುದು ಅಪ್ಪನಿಗೆ ಗೊತ್ತಿತ್ತು.

ಗಿರಿಜಾ ಹಸುಗೂಸಾಗಿದ್ದಾಗ ಪೋಲಿಯೋ ಬಂದು ಬಲಗಾಲು ಸಣಕಲಾಗಿ ಉಳಿದುಬಿಟ್ಟಿತ್ತು. ಚಳಿಯಲ್ಲಿ ಆ ಕಾಲು ನೇರಳೆ ಬಣ್ಣಕ್ಕೆ ತಿರುಗುತ್ತಿತ್ತು. ಜೋಮು ಹಿಡಿದು, ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ.

“ಕಾಲು ನಿಂದು. ನೀನೇ ಆರಿಸ್ಕೊ,” ಅಂದ ಅಪ್ಪ ಕೊನೆಗೆ.

ಅವಳು ಬಿಳಿಯದನ್ನೇ ಆರಿಸಿಕೊಂಡಳು.

ಅವಳ ಶಾಲೆ ಊರಿನ ಗುಡ್ಡದ ಆಚೆ, ಹಂದನಕೆರೆಯಲ್ಲಿತ್ತು. ಅಷ್ಟು ದೂರ ನಡೆಯಲು ಅವಳಿಂದ ಆಗದು. ಅದಕ್ಕೇ ಅಪ್ಪ ಒಂದು ಹಳೇ ಲೇಡೀಸ್ ಸೈಕಲ್ ತಂದು ಕಲಿಸಿದ್ದ. ಎಡಗಾಲಿನಲ್ಲಿ ಪೆಡಲ್ ತುಳಿಯುವುದು, ಬಲಗಾಲನ್ನು ಸುಮ್ಮನೆ ಪೆಡಲ್ ಮೇಲೆ ಇಟ್ಟುಕೊಳ್ಳುವುದು. ಸಮನಾದ ರಸ್ತೆಯಲ್ಲಿ ಅವಳು ಯಾರಿಗೂ ಕಮ್ಮಿಯಿರಲಿಲ್ಲ.

ಏರು ಬಂದರೆ ಮಾತ್ರ ಗಂಗಿ ಬೇಕು. ಗಂಗಿ ಅಂದರೆ ಚಿಕ್ಕಗಂಗಮ್ಮ, ಗಿರಿಜಾಳ ಊರಿನವಳು, ಅವಳದೇ ಕ್ಲಾಸು. ಗುಡ್ಡ ಹತ್ತುವಾಗ ಗಂಗಿ ಹಿಂದಿನಿಂದ ಸೈಕಲ್ ತಳ್ಳುತ್ತಿದ್ದಳು. ಇಳಿಯುವಾಗ ಕ್ಯಾರಿಯರ್ ಮೇಲೆ ಕೂತು “ಹೋಯ್!” ಎಂದು ಕೂಗುತ್ತಿದ್ದಳು.

ಸೋಮವಾರ ಬೆಳಗ್ಗೆ ಜಡಿಮಳೆ. ಗುಡ್ಡದ ತುಂಬ ಮಂಜು ಕವಿದಿತ್ತು. ಗೋಣಿಚೀಲದ ಗೊಪ್ಪೆ ತಲೆಗೆ ಹಾಕಿಕೊಂಡು ಇಬ್ಬರೂ ಹೊರಟರು.

“ಅಬ್ಬಾ! ಏನು ಬಿಳುಪು ಕಣೇ!” ಗಂಗಿ ಕಾಲುಚೀಲ ನೋಡಿ ಬಾಯಿಬಿಟ್ಟಳು. “ಥೇಟು ಡಾಕ್ಟರ್ ಮಗಳೇ ನೀನು!”

ಗಿರಿಜಾ ಹಿಗ್ಗಿದಳು. ಆದರೆ ಅರ್ಧ ಏರು ಹತ್ತುವಷ್ಟರಲ್ಲೇ ಕಾಲುಚೀಲ ನೆನೆದು ಚರ್ಮಕ್ಕೆ ಅಂಟಿಕೊಂಡಿತು. ಚಪ್ಪಲಿಯೊಳಗೆ ಪಾದ ಜಾರತೊಡಗಿತು. ಗಾಳಿ ಬೀಸಿದಾಗ ಬಲಗಾಲಿಗೆ ಸೂಜಿ ಚುಚ್ಚಿದ ಹಾಗಾಯಿತು. ಆಮೇಲೆ ಅದೂ ನಿಂತುಹೋಯಿತು.

ಗುಡ್ಡದ ನೆತ್ತಿಯಲ್ಲಿ ಗಂಗಿ ಏದುಸಿರು ಬಿಡುತ್ತಾ ನಿಂತಳು.

“ಕಾಲು ಉಜ್ಕೊಳಲ್ವೇನೇ?”

ಚಳಿ ದಿನಗಳಲ್ಲಿ ಗಿರಿಜಾ ಅಲ್ಲಿ ಇಳಿದು, ಮರದ ಮರೆಗೆ ಹೋಗಿ, ಕಾಲಿಗೆ ಜೀವ ಬರುವವರೆಗೂ ಉಜ್ಜಿಕೊಳ್ಳುತ್ತಿದ್ದಳು. ಇವತ್ತು ಕೈ ನೋಡಿಕೊಂಡಳು. ಬ್ರೇಕಿನ ತುಕ್ಕು, ಕೆಸರು. ಕಾಲುಚೀಲ ಮುಟ್ಟಿದರೆ ಕೊಳೆಯಾಗುತ್ತದೆ.

“ಬೇಡ. ಸಾಕ್ಸ್ ಐತಲ್ಲ.”

“ಬೆಚ್ಚಗೈತಾ?”

“ಹೂಂ. ಹತ್ಕೊ, ಬೆಲ್ ಹೊಡೆದ್ಬಿಡ್ತಾರೆ.”

ಸೈಕಲ್ ಇಳಿಜಾರಿನಲ್ಲಿ ಓಡತೊಡಗಿತು. ಮಳೆ ಮುಖಕ್ಕೆ ರಪರಪ ಹೊಡೆಯಿತು. ಗಂಗಿ ಎಂದಿನಂತೆ “ಹೋಯ್!” ಅಂದಳು. ತಿರುವು ಬಂತು. ಗಿರಿಜಾ ಬ್ರೇಕ್ ಅದುಮಿದಳು.

ಬಲಪಾದ ಯಾವಾಗ ಪೆಡಲಿನಿಂದ ಜಾರಿತೋ ಅವಳಿಗೆ ಗೊತ್ತೇ ಆಗಲಿಲ್ಲ. ಅದು ನೆಲಕ್ಕೆ ಸಿಕ್ಕಿ ಸೈಕಲ್ ಒಮ್ಮೆಲೇ ಪಕ್ಕಕ್ಕೆ ಎಳೆದಂತಾಯಿತು. ಆಕಾಶ, ರಸ್ತೆ, ಎಲ್ಲಾ ತಿರುಗಿತು.

ಕಣ್ಣು ಬಿಟ್ಟಾಗ ಅವಳು ಚರಂಡಿಯ ಹುಲ್ಲಿನ ಮೇಲಿದ್ದಳು. ಗಂಗಿ ರಸ್ತೆಯಲ್ಲಿದ್ದಳು. ಅಳುತ್ತಿರಲಿಲ್ಲ, ತನ್ನ ಬಲಗೈಯನ್ನೇ ನೋಡುತ್ತಿದ್ದಳು. ಆ ಕೈ ಮಣಿಕಟ್ಟಿನ ಮೇಲೆ, ಬಾಗಬಾರದ ಕಡೆ ಬಾಗಿತ್ತು.

“ಗಂಗೀ...”

“ಮುಟ್ಬೇಡ ಕಣೇ,” ಅಂದಳು ಗಂಗಿ ಮೆಲ್ಲಗೆ.

ಆ ದಾರಿಯಲ್ಲಿ ಬಂದ ಎತ್ತಿನಗಾಡಿಯವನೊಬ್ಬ ಇಬ್ಬರನ್ನೂ ಸೈಕಲನ್ನೂ ಹತ್ತಿಸಿಕೊಂಡು ಊರಿಗೆ ತಂದ. ಗಾಡಿ ಕುಲುಕಿದಾಗಲೆಲ್ಲ ಗಂಗಿ ತುಟಿ ಕಚ್ಚುತ್ತಿದ್ದಳು. ಗಿರಿಜಾ ಅವಳ ಕಡೆ ನೋಡಲಾರದೆ ಹೋದಳು.

ಗಂಗಿಯ ಮನೆಯಲ್ಲಿ ಮೂಳೆ ಕಟ್ಟುವ ದುರ್ಗಯ್ಯ ಬಂದು ಕೂತ. ಅವಳ ತಾಯಿ ರಂಗಮ್ಮ ಮಗಳನ್ನು ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡಳು. ದುರ್ಗಯ್ಯ ಕೈ ಎಳೆದ. ಗಂಗಿಯ ಕಿರುಚಾಟ ಕೇಳಿ ಗಿರಿಜಾ ಬಾಗಿಲ ಬಳಿ ಕಿವಿ ಮುಚ್ಚಿಕೊಂಡಳು. ಗಿರಿಜಾಳ ಅಪ್ಪ ತೋಟದಿಂದ ಓಡಿಬಂದು ಹೊರಗೆ ಜಗಲಿಯ ಮೇಲೆ ತಲೆ ತಗ್ಗಿಸಿ ಕೂತಿದ್ದ.

ಬಿದಿರಿನ ದಬ್ಬೆ ಕಟ್ಟಿ ಮುಗಿಸಿ ದುರ್ಗಯ್ಯ ಎದ್ದ. “ಎರಡು ಮೂಳೆನೂ ಮುರ್ದೋಗವೆ ತಾಯಿ. ಕೂಡ್ಕತವೆ. ಆದ್ರೆ ಕೈ ಮೊದಲಿನಂಗೆ ನೆಟ್ಟಗೆ ಬತ್ತದೆ ಅಂತ ನಾನು ಹೇಳಾಕಿಲ್ಲ.”

“ಬರೆಯೋ ಕೈ ಅದು,” ಅಂದಳು ರಂಗಮ್ಮ. ಮತ್ತೆ ಅದನ್ನೇ ಅಂದಳು. ಆಮೇಲೆ ಮಗಳನ್ನು ಕೇಳಿದಳು. “ಹೆಂಗೆ ಬಿದ್ರೇ?”

ಗಂಗಿಯ ಮುಖ ಬಿಳಿಚಿಕೊಂಡಿತ್ತು. “ಕಲ್ಲು ಕಣವ್ವ. ರೋಡಲ್ಲಿ ಕಲ್ಲಿತ್ತು.”

ಒಳಗೆ ಒಲೆಯಲ್ಲಿ ಸೌದೆ ಚಟಪಟ ಅಂದಿತು. ಗಿರಿಜಾ ಸುಮ್ಮನಿದ್ದರೆ ಆಗಿತ್ತು. ಗಂಗಿ ಯಾವತ್ತೂ ಬಾಯಿ ಬಿಡುವವಳಲ್ಲ.

“ಕಲ್ಲಿರಲಿಲ್ಲ ರಂಗಮ್ಮಕ್ಕ.”

ರಂಗಮ್ಮ ತಿರುಗಿದಳು.

“ನನ್ನ ಕಾಲು ಮರಗಟ್ಟಿತ್ತು. ನಂಗೆ ಗೊತ್ತಿತ್ತು. ಗಂಗಿ ಉಜ್ಕೊ ಅಂದ್ಲು, ನಾನೇ ಬೇಡ ಅಂದೆ. ಬೆಚ್ಚಗೈತೆ ಅಂತ ಸುಳ್ಳು ಹೇಳ್ದೆ.”

“ಗೊತ್ತಿದ್ದೂ ನನ್ನ ಮಗಳನ್ನ ಹಿಂದೆ ಕೂರಿಸ್ಕೊಂಡ್ಯಾ?” ರಂಗಮ್ಮನ ದನಿ ನಡುಗಿತು. “ಇನ್ನು ಅವಳು ಆ ಸೈಕಲ್ ಹತ್ತಲ್ಲ. ಇಸ್ಕೂಲೂ ಬೇಡ, ಏನೂ ಬೇಡ. ನಡಿ ನೀನು!”

ಗಿರಿಜಾ ಹೊರಡಲು ಹೆಜ್ಜೆಯಿಟ್ಟಳು.

“ಏಯ್, ನಿಲ್ಲು.” ರಂಗಮ್ಮ ನೆಲ ನೋಡುತ್ತಿದ್ದಳು. ಸಗಣಿ ಸಾರಿಸಿದ ನೆಲದ ಮೇಲೆ ಕೆಂಪು ಗುರುತುಗಳು ಬಿದ್ದಿದ್ದವು. “ರಕ್ತ ಸೋರ್ತಾ ಐತಲ್ಲೇ! ನೋವಾಗ್ತಿಲ್ವಾ?”

ಗಿರಿಜಾ ಬಗ್ಗಿ ನೋಡಿದಳು. ಬಲಗಾಲಿನ ಚೀಲ ಹರಿದು, ಅರ್ಧದಷ್ಟು ಕೆಂಪಾಗಿತ್ತು. “ಇಲ್ಲ,” ಅಂದಳು. “ಗೊತ್ತಾಗ್ತಿಲ್ಲ.”

ರಂಗಮ್ಮ ಅವಳನ್ನೇ ದಿಟ್ಟಿಸಿದಳು. ಆಮೇಲೆ ತೋಳು ಹಿಡಿದು ಎಳೆದೊಯ್ದು ಒಲೆಯ ಮುಂದೆ ಕೂರಿಸಿದಳು. ಒದ್ದೆ ಕಾಲುಚೀಲವನ್ನು ಕಿತ್ತು ಮೂಲೆಗೆ ಎಸೆದಳು. ಮನೆಯವರ ಹೊರತು ಯಾರೂ ಮುಟ್ಟದ ಆ ಸಣಕಲು ಕಾಲನ್ನು ಮಡಿಲಿಗೆ ಹಾಕಿಕೊಂಡು, ರಕ್ತ ಒರೆಸಿ, ಅಂಗೈ ಬೆಂಕಿಗೆ ಕಾಯಿಸಿ ಉಜ್ಜತೊಡಗಿದಳು. ಮುಖದ ಮೇಲಿನ ಸಿಟ್ಟು ಮಾತ್ರ ಇಳಿದಿರಲಿಲ್ಲ.

ಗೋಡೆಗೊರಗಿದ್ದ ಗಂಗಿ ಕಣ್ಣು ಮುಚ್ಚಿಕೊಂಡು ಸಣ್ಣಗೆ ನರಳುತ್ತಿದ್ದಳು.

ಬಹಳ ಹೊತ್ತಿನ ಮೇಲೆ ಗಿರಿಜಾಳ ಕಾಲಿಗೆ ಬಿಸಿ ಹತ್ತಿತು. ಮೊದಲು ಇರುವೆ ಹರಿದಂತಾಯಿತು. ಆಮೇಲೆ ನೋವು ಬಂತು. ಗಾಯವೆಲ್ಲ ಒಂದೇ ಸಲಕ್ಕೆ ಉರಿಯತೊಡಗಿತು. ಅವಳ ಕಣ್ಣಲ್ಲಿ ನೀರು ತುಂಬಿತು.

“ಈಗ ನೋಯ್ತಾ ಐತಾ?” ಕೇಳಿದಳು ರಂಗಮ್ಮ.

ಗಿರಿಜಾ ಹೂಂ ಎಂದು ತಲೆಯಾಡಿಸಿದಳು. ಗಂಗಿಯ ಕೈಗೆ ಇದಕ್ಕಿಂತ ಎಷ್ಟು ಹೆಚ್ಚು ನೋವಿರಬಹುದು ಎಂದು ಅವಳ ಕಡೆ ನೋಡಿದಳು. ಈ ಸಲ ಮುಖ ತಿರುಗಿಸಲಿಲ್ಲ. ಕಾಲನ್ನೂ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.